ಎರಡೂ ಮಗ್ಗಲು ಕೇಳಿ ಬಂದೆ

ಡ್ರಮ್ಮು ಮನೆಯಲ್ಲೇ ಉಳಿಯಿತು. ಮಾರುವುದಿಲ್ಲ ಅಂತ ನನ್ನ ಮಗ ಬಸವರಾಜ ತನ್ನ ಬಾಯಿಂದಲೇ ಹೇಳಿದ. ಈ ಸುದ್ದಿ ಮೊದಲು ಹೇಳದಿದ್ದರೆ ಮುಂದಿನದು ಬರೆಯಲು ನನಗೆ ಕೈ ಓಡುವುದಿಲ್ಲ. ಓದಿದ್ದು ಮೂರನೇ ಇಯತ್ತೆ. ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ.

ಗುರುವಾರ ಮೊಮ್ಮಗಳು ವಿಜೂ ಪುಣೆಯಿಂದ ಫೋನು ಮಾಡಿ ಅತ್ತಳು. ಅವಳು ಕಾಲೇಜಿನ ಗೆಳತಿಯರ ಜೊತೆ ಡ್ರಮ್ ಬಾರಿಸುತ್ತಾಳೆ. ಆ ಸಂಗೀತಕ್ಕೆ ಥ್ರ್ಯಾಶ್ ಮೆಟಲ್ ಅಂತ ಹೆಸರು. ಅವಳಪ್ಪ ಬಸವರಾಜ ಚಾಕಣದ ಕಾರ್ಖಾನೆಯಲ್ಲಿ ಪ್ರೆಸ್ ಮಷಿನ್ ನಡೆಸುವವನು. ದಿನಾ ಎಂಟು ತಾಸು ತಗಡಿನ ಸಪ್ಪಳ ಕೇಳಿ ಬಂದರೆ ಮನೆಯಲ್ಲೂ ಸಪ್ಪಳವೇ ಅಂತ ಅವನಿಗೆ ಸಿಟ್ಟು. ಡ್ರಮ್ ಕೊಳ್ಳುವವನು ರವಿವಾರ ಸಂಜೆ ಬರುವುದಿತ್ತು. ವಿಜೂ ಜಗಳಾಡಿದಾಗ ಅವಳಪ್ಪ ಒಂದು ಮಾತು ಅಂದನಂತೆ. ಅವಳು ತಲೆ ಮೇಲೆ ಹೊತ್ತು ತಿರುಗುವ ಅಮೇರಿಕದವರ ಹಳೇ ರೆಕಾರ್ಡನ್ನು ಮನೆತನದವರು ಒಬ್ಬರಾದರೂ ನಡುವೆ ಏಳದೆ ಪೂರಾ ಕೇಳಬೇಕು, ಕೇಳಿದರೆ ಮಾರುವುದಿಲ್ಲ. ಸೊಸೆ ಶೋಭಾ ಕೂತು ನೋಡಿದಳು, ಎರಡನೇ ಹಾಡಿಗೇ ಎದ್ದಳು.

ನಾನು ಮೂವತ್ತು ವರ್ಷ ಸೋಮವಾರದ ಭಜನೆಗೆ ಕೂತವಳು. ಮಂಗಳಾರತಿ ಆಗುವತನಕ ಏಳಬಾರದು, ಅದು ನಮ್ಮ ನೇಮ. ಬರುತ್ತೇನೆ ಅಂದೆ.

ಶನಿವಾರ ನಸುಕಿನಲ್ಲಿ ಗೋಕಾಕ ಬಿಟ್ಟೆ. ನಿಪ್ಪಾಣಿತನಕ ನಮ್ಮ ಸರಕಾರಿ ಬಸ್ ಹೆಣ್ಣುಮಕ್ಕಳಿಗೆ ಪುಕ್ಕಟೆ. ಅಲ್ಲಿ ಇಳಿದು ಮಹಾರಾಷ್ಟ್ರದ ಬಸ್ ಹತ್ತಿದರೆ ಅರ್ಧ ಟಿಕೇಟು. ನಮ್ಮ ಕಡೆಯ ಹೆಂಗಸರೆಲ್ಲ ಹೀಗೇ ಹೋಗುವುದು. ಕೊಲ್ಲಾಪುರ ದಾಟಿದ ಮೇಲೆ ಜಿಟಿಜಿಟಿ ಮಳೆ ಹಿಡಿಯಿತು. ಪುಣೆಯಲ್ಲಿ ಏನು ಕೆಲಸ ಅಂತ ಕಂಡಕ್ಟರ್ ಮರಾಠಿಯಲ್ಲಿ ಕೇಳಿದ. ಹಾಡು ಕೇಳಲು ಅಂದೆ. ಯಾವುದೋ ದೊಡ್ಡ ಸಂಗೀತ ಸಭೆ ಅಂದುಕೊಂಡು ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟ. ಸಾತಾರೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಅವನಿಗೂ ಕೊಟ್ಟೆ. ಘಾಟಿನಲ್ಲಿ ಲಾರಿಗಳ ಹಿಂದೆ ತೆವಳಿ ಪುಣೆಯ ಕಾತ್ರಜ ಮುಟ್ಟುವಾಗ ನಾಲ್ಕು ದಾಟಿತ್ತು. ವಿಜೂ ಬಂದಿದ್ದಳು. ಭೋಸರಿಯ ಮನೆಗೆ ಸಿಟಿ ಬಸ್ಸಿನಲ್ಲಿ ಮತ್ತೆ ಎರಡು ತಾಸು ಹಿಡಿಯಿತು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ ಹುಡುಗಿ.

ರವಿವಾರ ಮಧ್ಯಾಹ್ನ ಮಾಳಿಗೆಯ ಮೇಲಿನ ಡ್ರಮ್ಮಿನ ಕೋಣೆಗೆ ಹತ್ತಿದೆವು. ಸಪ್ಪಳ ಹೊರಗೆ ಹೋಗದಿರಲಿ ಅಂತ ವಿಜೂ ಗೋಡೆಗೆಲ್ಲ ಹಳೇ ಗಾದಿ ಕಟ್ಟಿದ್ದಳು. ನಾನು ಚಾಪೆಯ ಮೇಲೆ ಕಾಲು ಮಡಚಿ ಕೂತೆ. ಬಸವರಾಜ ಬಾಗಿಲಿಗೆ ಅಡ್ಡ ಸ್ಟೂಲು ಹಾಕಿಕೊಂಡ, ಕಾವಲಿಗೆ.

"ಅವ್ವಾ, ಇನ್ನೂ ವ್ಯಾಳ್ಯಾ ಅದ. ಕಿವ್ಯಾಗ ಹತ್ತಿ ಇಟಗೋ."

"ನಿನ್ನ ಅಳೂ ಕೇಳಿ ಬೆಳಸೇನಿ. ಹಚ್ಚವಾ ವಿಜೂ."

ಕರೀ ತಟ್ಟೆ ತಿರುಗಿತು. ತಗಡಿನ ಪತ್ರಾಸಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ, ಗಿರಣಿಯ ಪಟ್ಟ ಹರಿದ ಹಾಗೆ, ಎಲ್ಲ ಒಂದೇ ಸಲಕ್ಕೆ. ಹಾಡುವವನು ಹಾಡಿದನೋ ಬೈದನೋ ತಿಳಿಯಲಿಲ್ಲ. ಎರಡನೇ ಹಾಡಿಗೆ ಮೊಣಕಾಲು ಹಿಡಿದುಕೊಂಡವು. ಏಳಲಿಲ್ಲ. ಭಜನೆಯಲ್ಲಿ ಹಾಡು ಬಾರದವರು ತಾಳ ಹಿಡಿಯುತ್ತಾರೆ, ನಾನೂ ತೊಡೆಯ ಮೇಲೆ ಬೆರಳಿನಿಂದ ತಾಳ ಹುಡುಕಿದೆ. ಮೂರನೆಯದರಲ್ಲಿ ಸಿಕ್ಕಿತು. ಸಿಕ್ಕ ಮೇಲೆ ಅಷ್ಟೊಂದು ಗದ್ದಲದಲ್ಲಿ ಯಾರೂ ಯಾರನ್ನೂ ತುಳಿಯುತ್ತಿಲ್ಲ ಅನ್ನುವುದು ಗೊತ್ತಾಯಿತು.

ಅಷ್ಟರಲ್ಲಿ ಹಾಡು ನಿಂತಿತು. ಮುಗಿಯಿತು ಅಂತ ನಾನು ಕೈ ಮುಗಿದು ನೆಲಕ್ಕೆ ಅಂಗೈ ಊರಿದೆ. ವಿಜೂ ಓಡಿ ಬಂದು ಭುಜ ಒತ್ತಿ ಹಿಡಿದಳು.

"ಆಯಿ, ಏಳಬ್ಯಾಡ. ಇನ್ನೊಂದ ಮಗ್ಗಲ ಅದ."

ಎದ್ದರೆ ಆಟ ಮುಗೀತು ಅಂತ ಬಸವರಾಜ ನಕ್ಕ. ನಾನೆಲ್ಲಿ ಎದ್ದೆ, ಸೀರೆ ಸರಿ ಮಾಡಿಕೊಂಡೆ ಅಂದೆ. ವಿಜೂ ತಟ್ಟೆ ಮಗುಚಿ ಹಾಕಿದಳು. ಎರಡನೇ ಮಗ್ಗಲು ಇನ್ನೂ ಜೋರು. ಪಾದ ಜೋಮು ಹಿಡಿದವು, ಬೆನ್ನು ಉರಿಯಿತು. ನೆಲ ಬಿಡಲಿಲ್ಲ. ಕಡೆಯ ಪೆಟ್ಟು ಬಿದ್ದು ಮುಳ್ಳು ಬರೀ ಗರಗರ ಅಂದಾಗ ವಿಜೂನ ಮುಖ ನೋಡಿದೆ. ಮುಗಿದಿತ್ತು.

ಬಸವರಾಜ ಸ್ಟೂಲು ಬದಿಗೆ ಸರಿಸಿದ. ನನ್ನನ್ನು ಕಾಯಲು ಹೋಗಿ ತಾನೂ ಪೂರಾ ಕೇಳಿದ್ದ. ಇದರಲ್ಲಿ ನೀನು ಬಾರಿಸುವ ಹಾಡು ಯಾವುದು ಅಂತ ಮಗಳನ್ನು ಕೇಳಿದ. ಅವಳು ಎರಡೂ ಕೈ, ಎರಡೂ ಕಾಲು ಆಡಿಸಿ ಮೊದಲನೇ ಹಾಡು ಬಾರಿಸಿದಳು. ಅವನು ಕಣ್ಣು ಮುಚ್ಚಿ ಕೇಳಿ ಹೇಳಿದ:

"ನಡುವ ಎಡಗಾಲಿನ ಪೆಟ್ಟು ಒಂದ ತಪ್ತು. ಪ್ರೆಸ್ಸಿನಾಗ ಹಂಗ ಕೇಳಿದ್ರ ನಾ ಮಷಿನ್ನ ನಿಲ್ಲಸ್ತೀನಿ."

ವಿಜೂ ಮತ್ತೆ ಬಾರಿಸಿದಳು. ಮತ್ತೆ ತಪ್ಪಿತು. ಐದನೇ ಸಲ ತಪ್ಪಲಿಲ್ಲ, ಅವನು ತಲೆದೂಗಿದ. ಕೆಳಗಿಳಿದು ಕೊಳ್ಳುವವನಿಗೆ ಫೋನು ಹಚ್ಚಿ, ಬರಬೇಡಿ, ಮಾರುವುದಿಲ್ಲ ಅಂತ ಮರಾಠಿಯಲ್ಲಿ ಅಂದ. ನಾನು ಇನ್ನೂ ಚಾಪೆಯ ಮೇಲೇ ಇದ್ದೆ. ಕಾಲಿಗೆ ಜೀವ ಬಂದಿರಲಿಲ್ಲ. ಕೂತಲ್ಲೇ ನಕ್ಕೆ, ಅತ್ತೆ, ಎರಡೂ ಮಾಡಿದೆ.

ಸಂಜೆ ನಾಲ್ವರೂ ಒಟ್ಟಿಗೆ ಉಣ್ಣಲು ಕೂತೆವು. ಶೋಭಾ ಖಡಕ್ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಬಾರಿಸಿ ಬಾರಿಸಿ ವಿಜೂನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು, ರೊಟ್ಟಿ ಮುರಿಯಲಾಗಲಿಲ್ಲ. ಬಸವರಾಜ ಅವಳ ರೊಟ್ಟಿ ಮುರಿಮುರಿದು ತಾಟಿಗೆ ಹಾಕಿದ. ನಾನು ಎರಡು ರೊಟ್ಟಿ ಹೆಚ್ಚೇ ತಿಂದೆ.