ಹುಡುಗಿಯರಿಗೊಂದು ಟೆಂಟು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅರಸೀಕೆರೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ದಸರಾ ರಜೆಯಲ್ಲಿ ನಮ್ಮ ಶಾಲೆಯ ಮಕ್ಕಳಿಗೆ ಶಿಬಿರವಿರುತ್ತಿತ್ತು. ಹುಡುಗರು ಟೆಂಟು ಹಾಕಿಕೊಂಡು ಬಯಲಲ್ಲೇ ಉಳಿಯುತ್ತಿದ್ದರು. ಹುಡುಗಿಯರು ಮಾತ್ರ ಸಂಜೆ ಬಸ್ಸು ಹಿಡಿದು ಮನೆ ಸೇರಬೇಕಿತ್ತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಮಿಸ್, ನಮಗ್ಯಾಕೆ ಟೆಂಟಿಲ್ಲ?" ಎಂದು ಕೇಳಿದಳು. ಅದೇ ಪ್ರಶ್ನೆಯನ್ನು ಹೆಡ್‌ಮಾಸ್ಟರ ಮುಂದಿಟ್ಟೆ.

"ಶಾಲೇಲಿರೋದು ಹುಡುಗರಿಗೇ ಸಾಲದು ಮೇಡಂ. ಮಳೆ ಬಂದ್ರೆ ಹೆಣ್ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಓಡ್ತೀರಿ?"

"ಮಳೆಗೆ ಓಡೋ ಪ್ರಮೇಯವೇ ಬರದಂಥ ಟೆಂಟು ನಾನೇ ತಂದ್ರೆ, ಸಾರ್?"

"ತನ್ನಿ, ನೋಡೋಣ" ಎಂದು ನಕ್ಕರು. ನಾನು ಅದನ್ನು ಒಪ್ಪಿಗೆ ಎಂದೇ ತಿಳಿದೆ.

ಮುಂದಿನ ಭಾನುವಾರ ಬೆಂಗಳೂರಿನ ರೈಲು ಹತ್ತಿದೆ. ಮಿಲಿಟರಿಯವರ ಹಳೆಯ ಸಾಮಾನು ಮಾರುವ ಅಂಗಡಿಯೊಂದನ್ನು ಕೇಳಿಕೊಂಡು ಹೋದೆ. ಅಂಗಡಿಯವನು ಹಗುರವಾದ, ಕಣ್ಣು ಕೋರೈಸುವ ನೀಲಿ ನೈಲಾನ್ ಟೆಂಟನ್ನು ಮುಂದೆ ಹಿಡಿದ. ಬಿಚ್ಚಿ ನಿಲ್ಲಿಸಿ ತೋರಿಸಿ ಎಂದೆ.

"ಟೆಂಟ್ ಬಿಚ್ಚಿಸಿ ನೋಡೋರು ಯಾರಿದ್ದಾರಮ್ಮ?"

"ಮಲಗೋರು ನಾವಲ್ವ. ನೋಡ್ಲೇಬೇಕು."

ಗೊಣಗುತ್ತಲೇ ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ನಿಲ್ಲಿಸಿದ. ಬಿಂದಿಗೆಯಲ್ಲಿ ನೀರು ತಂದು ನಾನೇ ಸುರಿದೆ. ಹೊಲಿಗೆಯಿಂದ ನೀರು ಒಳಗೆ ಧಾರೆಯಾಗಿ ಇಳಿಯಿತು. ಎರಡನೆಯದರ ಕಂಬ ಕೈಯಲ್ಲಿ ಒತ್ತಿದರೆ ಬಾಗುತ್ತಿತ್ತು. ಮೂರನೆಯದು ದಪ್ಪ ಕ್ಯಾನ್ವಾಸಿನದು, ಹನ್ನೆರಡು ಜನಕ್ಕೆ ಸಾಕಾಗುವಂಥದ್ದು, ಹೊತ್ತರೆ ಹೆಗಲು ಬಗ್ಗುವಷ್ಟು ಭಾರ. ಸೀರೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ ನೆಲದ ಮೇಲೆ ಉದ್ದಕ್ಕೆ ಮಲಗಿ ನೋಡಿದೆ. ಬಾಗಿಲಲ್ಲಿ ನಿಂತ ಗಿರಾಕಿಗಳು ನಗುತ್ತಿದ್ದರು. ಮೇಲ್ಗಡೆ ಎಲ್ಲಾದರೂ ಬೆಳಕಿನ ಚುಕ್ಕೆ ಕಾಣುತ್ತದೆಯೇ ಎಂದು ಹುಡುಕಿದೆ. ಒಂದೂ ಕಾಣಲಿಲ್ಲ. ಎದ್ದು ಬಂದು, ಇದರ ಮೇಲೂ ನೀರು ಸುರಿದು ನೋಡಿ, ಇದನ್ನೇ ಕಟ್ಟಿಕೊಡಿ ಎಂದೆ.

ಆದರೆ ಬಿಂದಿಗೆ ನೀರು ಬೇರೆ, ಮಳೆ ಬೇರೆ. ಕಣಕಟ್ಟೆಯ ನಮ್ಮ ತೆಂಗಿನ ತೋಟದ ಪಕ್ಕದ ಬಯಲಿನಲ್ಲಿ ಅದನ್ನು ಕಟ್ಟಿ, ಮೋಡ ಕವಿಯುವುದನ್ನೇ ಕಾದೆ. ಮಧ್ಯಾಹ್ನ ಮಳೆ ಶುರುವಾದಾಗ ಅವ್ವನೂ ಒಳಗೆ ಬಂದು ಕೂತಳು. "ಗಟ್ಟಿಯಾಗೈತೆ ಕಣವ್ವ" ಎನ್ನುತ್ತ ಬಟ್ಟೆಯನ್ನು ಬೆರಳಿನಿಂದ ಮುಟ್ಟಿದಳು. ಮುಟ್ಟಿದ ಕಡೆಯಿಂದಲೇ ತೊಟ್ಟಿಕ್ಕತೊಡಗಿತು. ನೆನೆದ ಕ್ಯಾನ್ವಾಸನ್ನು ಒಳಗಿನಿಂದ ಮುಟ್ಟಬಾರದು ಎಂಬುದು ಹಾಗೆ ತಿಳಿಯಿತು. ಸ್ವಲ್ಪ ಹೊತ್ತಿಗೆ ಪಟ್ ಎಂದು ಒಂದು ಗೂಟ ಕಿತ್ತು ಬಂತು. ಹೊರಗೆ ಓಡಿ ನೋಡಿದರೆ ನೂಲಿನ ಹಗ್ಗ ನೆನೆದು ಬಿಗಿದುಕೊಂಡು ಗೂಟವನ್ನೇ ಎಳೆದುಹಾಕಿತ್ತು.

"ಹಗ್ಗ ಸಡ್ಲ ಮಾಡೇ, ಇಲ್ದಿದ್ರೆ ಎಲ್ಲಾ ಕಿತ್ಕಂಡು ಬತ್ತದೆ!" ಎಂದು ಅವ್ವ ಕೂಗಿದಳು. ಇಬ್ಬರೂ ತೊಯ್ದು ತೊಪ್ಪೆಯಾಗಿ ಹಗ್ಗಗಳನ್ನೆಲ್ಲ ಸಡಿಲಿಸಿದೆವು. ಮಳೆ ನಿಂತು ಬಟ್ಟೆ ಒಣಗಿದ ಮೇಲೆ ಹೊಲಿಗೆಗಳಿಗೆಲ್ಲ ಮೇಣ ಉಜ್ಜಿದೆವು. "ಶಿಬ್ರಕ್ಕೆ ನಾನೂ ಬತ್ತೀನಿ. ನಿನ್ನೊಬ್ಬಳ ಕೈಲಿ ಆಗೋ ಕೆಲ್ಸ ಅಲ್ಲ ಇದು" ಎಂದಳು ಅವ್ವ.

ಹುಡುಗಿಯರ ಶಿಬಿರಕ್ಕೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಪರಿಚಯದವರೊಬ್ಬರ ಹೊಲ ಸಿಕ್ಕಿತು. ಒಂಬತ್ತು ಹುಡುಗಿಯರ ಮನೆಯವರು ಒಪ್ಪಿದ್ದರು; ಅವ್ವ ಜೊತೆಗಿರುತ್ತಾಳೆ ಎಂದ ಮೇಲೆಯೇ ಅವರಲ್ಲಿ ಹೆಚ್ಚಿನವರು ಹೂಂ ಅಂದದ್ದು. ಹುಡುಗಿಯರು ಹುಣಸೆಮರದ ನೆರಳಿಗೆ ಹೋಗೋಣವೆಂದರು. ಗಾಳಿಗೆ ಕೊಂಬೆ ಬೀಳಬಹುದೆಂದು ನಾನು ಒಪ್ಪಲಿಲ್ಲ. ಸ್ವಲ್ಪ ಎತ್ತರದ ಜಾಗ ಆರಿಸಿ, ಸುತ್ತ ನೀರು ಹರಿಯಲು ಕಾಲುವೆ ತೋಡಿಸಿದೆ.

ಎರಡನೆಯ ದಿನ ಸಂಜೆ ಹಳೇಬೀಡಿನ ಕೆರೆಯ ಕಡೆಯಿಂದ ಗಾಳಿ ಎದ್ದು, ಹಿಂದೆಯೇ ಮಳೆ ಹೊಡೆಯಿತು. ಹುಡುಗಿಯೊಬ್ಬಳು ಅಳತೊಡಗಿದಳು. ಅವಳ ಕೈಗೆ ಕೊಡೆ ಕೊಟ್ಟು, "ಬಾ, ಹಗ್ಗ ನೋಡೋಣ" ಎಂದೆ. ಒಬ್ಬಳು ಹೊರಟದ್ದೇ ಉಳಿದವರೂ ಹೊರಟರು. ಸರದಿಯಂತೆ ಇಬ್ಬಿಬ್ಬರು ಹೋಗಿ ಹಗ್ಗ ಸಡಿಲಿಸಿ, ಅಲುಗಿದ ಗೂಟಗಳನ್ನು ಕಲ್ಲಿನಿಂದ ಬಡಿದು ಬಂದರು. ಒಳಗೆ ಅವ್ವ, "ಯಾರೂ ಬಟ್ಟೆ ಮುಟ್ಬ್ಯಾಡ್ರಿ ಕಣ್ರವ್ವಾ" ಎಂದು ಕಾವಲು ಕೂತಿದ್ದಳು.

ಅಷ್ಟರಲ್ಲಿ ಹೊಲದ ಬದಿಗೆ ಟೆಂಪೋ ಬಂದು ನಿಂತಿತು. ಹೆಡ್‌ಮಾಸ್ಟರು ಮೋಡ ಕಂಡಾಗಲೇ ಅರಸೀಕೆರೆಯಿಂದ ಹೊರಟಿದ್ದರಂತೆ; ಪ್ಯಾಂಟು ಮಡಚಿಕೊಂಡು ಕೆಸರಲ್ಲಿ ನಡೆದು ಬಂದರು. "ಮಕ್ಕಳನ್ನ ಹತ್ತಿಸಿ ಮೇಡಂ, ಹೊರಡೋಣ" ಎಂದರು.

"ಮೊದಲು ಒಳಗೆ ಬನ್ನಿ ಸಾರ್."

ಬಗ್ಗಿ ಒಳಗೆ ಬಂದರು. ಜಮಖಾನದ ಮೇಲೆ ಕೈಯಾಡಿಸಿದರು. ಒಣಗಿತ್ತು. ಹುಡುಗಿಯರ ಕಡೆ ತಿರುಗಿ, "ಯಾರ್ ಯಾರ್ ಬರ್ತೀರಮ್ಮ?" ಎಂದು ಕೇಳಿದರು. ಅಳುತ್ತಿದ್ದ ಹುಡುಗಿಯೇ ಮೊದಲು ತಲೆಯಾಡಿಸಿ ಬರುವುದಿಲ್ಲ ಎಂದಳು. ಅವರು ಮಳೆ ತಗ್ಗುವವರೆಗೆ ಕೂತು, ಅವ್ವ ಕೊಟ್ಟ ಪುರಿ ತಿಂದು, ಖಾಲಿ ಟೆಂಪೋದಲ್ಲಿ ವಾಪಸು ಹೋದರು.

ನಮ್ಮ ತಪ್ಪು ನಡೆದದ್ದು ಶಿಬಿರ ಮುಗಿದ ಮೇಲೆ. ಬಸ್ಸಿನ ಅವಸರದಲ್ಲಿ ಟೆಂಟನ್ನು ಹಸಿಯಾಗಿಯೇ ಸುತ್ತಿಟ್ಟಿದ್ದೆವು. ವಾರದ ನಂತರ ಬಿಚ್ಚಿದರೆ ಮುಗ್ಗಲು ವಾಸನೆ, ಮೂಲೆಯಲ್ಲಿ ಕಪ್ಪು ಬೂಷ್ಟು. ಬಿಸಿಲಲ್ಲಿ ಹರಡಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬೇವಿನ ಸೊಪ್ಪು ಇಟ್ಟು ಅಟ್ಟಕ್ಕೆ ಏರಿಸಿದೆವು. ಕಲೆ ಹೋಗಲಿಲ್ಲ, ಬಟ್ಟೆ ಉಳಿಯಿತು. ರಾಗಿ ಕೊಯ್ಲಿನ ಹೊತ್ತಿಗೆ ಅಣ್ಣ ಬಂದು, ಬಣವೆಗೆ ಹೊದಿಸೋಕೆ ಅದನ್ನು ಕೊಡು ಎಂದ. ನಾನು ಬಾಯಿ ತೆರೆಯುವ ಮೊದಲೇ ಅವ್ವ, "ಅದು ಹೆಣ್ಮಕ್ಕಳ ಮನೆ ಕಣ್ಲಾ, ಬಣವೆಗೆ ಟಾರ್ಪಾಲ್ ತಗಂಡ್ ಬಾ ಹೋಗು" ಎಂದುಬಿಟ್ಟಳು.

ಮರುವರ್ಷ ಹುಡುಗಿಯರ ಶಿಬಿರ ಎಲ್ಲಿ ಎಂದು ಹೆಡ್‌ಮಾಸ್ಟರೇ ಕೇಳಿದರು. ಬೇಲೂರು ಎಂದೆ. ಹೆಸರು ಕೊಟ್ಟ ಹುಡುಗಿಯರು ಒಂದು ಟೆಂಟಿನಲ್ಲಿ ಹಿಡಿಸಲಾರದಷ್ಟು ಜನರಿದ್ದರು. ಇನ್ನೊಂದನ್ನು ತರಲು ಹೊರಟಾಗ ಹೆಡ್‌ಮಾಸ್ಟರೂ ನನ್ನ ಜೊತೆ ಬೆಂಗಳೂರಿನ ರೈಲು ಹತ್ತಿದರು.