ಪರದೆಯಾಚೆಯ ಎಂಟನೆಯ ಒಡಪು

ದೆವ್ವ, ಆತ್ಮ ಎಂದು ಮಾತು ತೆಗೆದವರನ್ನು ಒಂದು ಕಾಲಕ್ಕೆ ನಾನು ಹುರಿದು ಮುಕ್ಕುತ್ತಿದ್ದೆ. ಸಾಲೆಯ ಮಾಸ್ತರ, ಮೇಲಾಗಿ ಚಾರಿತ್ರಿಕ ಕಾದಂಬರಿ ಬರೆಯುವವನು. ದಾಖಲೆಯಿಲ್ಲದ್ದನ್ನು ನಂಬಕೂಡದೆಂಬ ಗತ್ತು ಬೇರೆ. ಅಂಥವನು ಈಗ ಇದನ್ನು ಬರೆಯುತ್ತಿದ್ದೇನೆ. ನಗುವವರು ನಗಲಿ, ನಾನೂ ಹಾಗೆ ನಕ್ಕವನೇ.

ಮೊದಲು ನನ್ನ ಹೆಂಡತಿಯ ವಿಷಯ ಹೇಳಬೇಕು. ಅವಳು ಸಾಣಾಪುರದವಳು. ಮದುವೆಯಾಗಿ ಗಂಗಾವತಿಯ ನಮ್ಮ ಮನೆಗೆ ಬಂದ ದಿನ ಅಕ್ಕಂದಿರು ಬಾಗಿಲಿಗೆ ಅಡ್ಡ ನಿಂತರು. ಗಂಡನ ಹೆಸರು ಸೇರಿಸಿ ಒಡಪು, ಎಂದರೆ ಪ್ರಾಸದ ಪದ, ಕಟ್ಟಿ ಹೇಳದೆ ಸೊಸೆ ಹೊಸಿಲು ದಾಟುವಂತಿಲ್ಲ. ‘ಸಾಣಾಪುರದ ಹೊಳಿದಂಡ್ಯಾಗ ಸಾಲುಸಾಲು ಕೊಕ್ಕರಿ’ ಎಂದಳು. ಹೆಸರು ಬರುವ ಸಾಲಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡುಬಿಟ್ಟಳು. ‘ಇರ್ಲಿ ಬಿಡ್ರೆವಾ, ನಾಳೆ ಹೇಳ್ತಾಳ’ ಎಂದು ಅವ್ವ ಒಳಗೆ ಕರೆದುಕೊಂಡಳು. ಗಂಡನೂ ಹೆಂಡತಿಯ ಹೆಸರು ಹೇಳಬೇಕು. ನಾನು ಓದಿದವನೆಂಬ ಜಂಬದಲ್ಲಿ ‘ಇವೆಲ್ಲ ಹುಡುಗಾಟ’ ಎಂದು ನಡೆದುಬಿಟ್ಟೆ.

ಆ ನಾಳೆ ಬರಲೇ ಇಲ್ಲ. ಸಂಜೆಯಾದರೆ ನಾನು ಪುಸ್ತಕ ಹಿಡಿಯುತ್ತಿದ್ದೆ. ಅವಳು ಎದುರಿಗೆ ಕೂತು, ಕಾದು, ಎದ್ದು ಹೋಗುತ್ತಿದ್ದಳು. ಎರಡನೆಯ ವರ್ಷ ಜ್ವರ ಬಂದು ವಾರದೊಳಗೆ ತೀರಿಕೊಂಡಳು. ನನ್ನ ಜೊತೆ ಒಂದು ದಿನವಾದರೂ ಸುಖವಾಗಿದ್ದಳೇ, ಇಲ್ಲ ಬೇಸರ ಹೊತ್ತೇ ಹೋದಳೇ? ಈ ಪ್ರಶ್ನೆ ವರ್ಷಗಟ್ಟಲೆ ನನ್ನನ್ನು ತಿಂದಿತು.

ನಲವತ್ತರ ದಶಕದ ಆರಂಭ, ನಿಜಾಮರ ಕಾಲ. ಯಲಬುರ್ಗಿಯ ಒಂದು ವಾಚನಾಲಯದವರು ನನ್ನನ್ನು ಭಾಷಣಕ್ಕೆ ಕರೆದರು. ಬರೀ ಸಾಹಿತ್ಯ ಮಾತಾಡಬೇಕೆಂಬ ಷರತ್ತಿನ ಮೇಲೆ ಸಭೆಗೆ ಪರವಾನಿಗೆ ಸಿಕ್ಕಿತ್ತು. ಆನೆಗೊಂದಿ ಅರಸರ ಕಾಲದ ಹೆಣ್ಣುಮಕ್ಕಳ ಬಾಳು ನನ್ನ ವಿಷಯ. ಮಧ್ಯಾಹ್ನದ ಹೊತ್ತು, ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಒಳಕೋಣೆಯಲ್ಲಿ. ನಡುವಿನ ಬಾಗಿಲಿಗೆ ಜಮಖಾನೆಯೊಂದನ್ನು ಇಳಿಬಿಟ್ಟಿದ್ದರು.

ಶಾಸನದಲ್ಲಿ ರಾಜರ ಹೆಸರಿದೆ, ಅವರ ಮನೆ ನಡೆಸಿದವರ ಹೆಸರಿಲ್ಲ. ಹೆಣ್ಣಿನ ಚರಿತ್ರೆ ಸಿಗುವುದು ಬೀಸುವ ಪದದಲ್ಲಿ, ಒಡಪಿನಲ್ಲಿ ಎಂದು ಏನೇನೋ ಹೇಳಿದೆ. ಅಷ್ಟಕ್ಕೆ ಬಿಡದೆ, ಪರದೆಯಾಚೆಯವರು ಒಂದೊಂದು ಒಡಪು ಹೇಳಿದರೆ ಬರೆದುಕೊಳ್ಳುತ್ತೇನೆಂದು ನೋಟುಬುಕ್ಕು ತೆರೆದೆ. ಒಳಗೆ ಕಿಸಿಕಿಸಿ ನಗು. ವಾಚನಾಲಯದ ಕಾರ್ಯದರ್ಶಿಯ ತಾಯಿ ಗೌರಮ್ಮ, ‘ಮಾಸ್ತರು ಕೇಳಾಕತ್ತಾರ, ಹೇಳ್ರೆ. ನಾನ ಸುರು ಮಾಡ್ತೀನಿ’ ಎಂದರು. ಒಂದರ ಹಿಂದೊಂದು ಬಂದವು. ನಾನು ತಲೆ ಎತ್ತದೆ ಬರೆದೆ.

ಎಂಟನೆಯ ದನಿ ಬಹಳ ಮೆಲ್ಲಗಿತ್ತು. ‘ಸಾಣಾಪುರದ ಹೊಳಿದಂಡ್ಯಾಗ ಸಾಲುಸಾಲು ಕೊಕ್ಕರಿ.’ ನನ್ನ ಕೈ ತನ್ನಷ್ಟಕ್ಕೆ ಬರೆಯುತ್ತಲೇ ಇತ್ತು. ‘ಪುಸ್ತಕದಾಗ ನನ್ನ ಮರತ್ರೂ’ ಎಂದಿತು ದನಿ. ಆಮೇಲೆ ಚೂರೂ ತಡವರಿಸದೆ ನನ್ನ ಹೆಸರು. ‘ಅವರ ಮ್ಯಾಲ ನನಗ ಅಕ್ಕರಿ.’

ಭಾಷಣ ಹೇಗೆ ಮುಗಿಸಿದೆನೋ ನೆನಪಿಲ್ಲ. ಚಹಾ ಕೊಡಲು ಬಂದ ಗೌರಮ್ಮನನ್ನು, ಕೊನೆಗೆ ಹೇಳಿದವರು ಯಾರು ಎಂದು ಕೇಳಿದೆ.

‘ನನ್ನ ಸೊಸಿರಿ. ಏಳು ಮಂದಿ ಇದ್ವಿ, ಏಳೂ ಮಂದಿ ಹೇಳಿದ್ವಿ.’

ಚೇಷ್ಟೆಗೆ ಯಾರಾದರೂ ನನ್ನ ಹೆಸರು ಸೇರಿಸಿದರೇ ಎಂದೆ. ಅವರು ಗಲ್ಲ ಗಲ್ಲ ಬಡಿದುಕೊಂಡರು. ‘ಅಯ್ಯ ಶಿವನೆ! ಮಂದಿ ಗಂಡನ ಹೆಸರು ಒಡಪಿನ್ಯಾಗ ಯಾವಾಕಿ ಹೇಳ್ತಾಳ್ರಿ?’ ನನ್ನ ಪಕ್ಕದಲ್ಲೇ ಕೂತಿದ್ದ ಕಾರ್ಯದರ್ಶಿ ಕೇಳಿಸಿಕೊಂಡದ್ದೂ ಏಳೇ.

ಬಿಸಿಲಿನ ದಣಿವು, ಮನಸ್ಸಿನ ಆಟ ಎನ್ನಬಹುದು. ಮೊದಲ ಸಾಲು ನನ್ನ ನೆನಪಿನಲ್ಲಿತ್ತು, ಒಪ್ಪಿದೆ. ಎರಡನೆಯದು? ಹೊಸಿಲಲ್ಲಿ ನಿಂತ ದಿನ ನನ್ನ ಪುಸ್ತಕದ ಹುಚ್ಚು ಅವಳಿಗೆ ಗೊತ್ತೇ ಇರಲಿಲ್ಲ, ಆ ಸಾಲು ಆಮೇಲೆ ಹುಟ್ಟಿದ್ದೇ ಇರಬೇಕು. ನಾನೇ ಕಟ್ಟಿಕೊಂಡೆನೇ? ನನ್ನನ್ನು ನಾನು ಅಷ್ಟು ಸುಲಭವಾಗಿ ಕ್ಷಮಿಸುವವನಲ್ಲ. ಇಂದಿಗೂ ನನಗೆ ಇದು ಬಗೆಹರಿದಿಲ್ಲ.

ಆ ನೋಟುಬುಕ್ಕು ಇನ್ನೂ ನನ್ನ ಹತ್ತಿರವಿದೆ. ಏಳು ಒಡಪುಗಳ ಪಕ್ಕ ಗೌರಮ್ಮ ಹೇಳಿದಂತೆ ಏಳು ಹೆಂಗಸರ ಹೆಸರು ಬರೆದಿದ್ದೇನೆ. ಎಂಟನೆಯದರ ಪಕ್ಕ ಬಹಳ ವರ್ಷ ಖಾಲಿಯೇ ಇತ್ತು. ಮೊನ್ನೆ ಅಲ್ಲಿಯೂ ಬರೆದೆ. ಬರೆಯುವ ಮೊದಲು, ಹೊಸಿಲಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ಬಾಯಿಬಿಟ್ಟು ಒಮ್ಮೆ ಹೇಳಿದೆ. ಅವಳ ಹೆಸರು ತುಂಗವ್ವ.