ಬಹುವಚನದ ಊರಿನ ನೀರಗಂಟಿ

ಓಬಣ್ಣ ಮೂವತ್ತೊಂದು ವರ್ಷದಿಂದ ನ್ಯಾಮತಿ ಕಡೆಯ ಆ ಊರಿನ ನೀರಗಂಟಿ. ಯಾವ ಓಣಿಯ ವಾಲ್ವನ್ನು ಎಷ್ಟು ಸುತ್ತು ತಿರುಗಿಸಬೇಕು, ಯಾವುದಕ್ಕೆ ಮೊದಲು ಒಂದು ಒದೆ ಕೊಡಬೇಕು ಎನ್ನುವುದು ಅವರ ಕೈಕಾಲಿಗಷ್ಟೇ ಗೊತ್ತು. ಅಷ್ಟೂ ವರ್ಷ ಮೇಲಿನ ಓಣಿಯವರು ಅವರನ್ನು ಕರೆದದ್ದು ಒಂದೇ ರೀತಿ: "ಲೇ ಓಬ!" ಹಾಲುಹಲ್ಲಿನ ಮಕ್ಕಳೂ ಹಾಗೇ.

ಪಂಚಾಯ್ತಿ ಅಧ್ಯಕ್ಷರು ಅಡಿಕೆ ವ್ಯಾಪಾರದ ಷಣ್ಮುಖಪ್ಪ. ಅವರ ಸಭೆಯೆಂದರೆ ಅವರು ಮಾತಾಡುವುದು, ಉಳಿದವರು ಸಹಿ ಹಾಕುವುದು. ಕಾಂಕ್ರೀಟು ರಸ್ತೆ ಬಂತು, ಸೋಲಾರ್ ದೀಪ ಬಂತು, ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ತರಗತಿ ಬಂತು. ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಾರೆಂದು ಕಟ್ಟೆಯನ್ನೇ ಒಡೆಸಿದರು. ಒಳ್ಳೆಯದನ್ನೇ ಮಾಡಿದರು, ಸುಳ್ಳೇಕೆ? ಆದರೆ ಯಾರನ್ನೂ ಒಂದು ಮಾತು ಕೇಳಿ ಮಾಡಲಿಲ್ಲ.

ಒಂದು ದಿನ ಹೊಸ ಬೋರ್ಡು ಎದ್ದಿತು: "ಊರಿನಲ್ಲಿ ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸತಕ್ಕದ್ದು. ತಪ್ಪಿದವರು ಒಂದು ವಾರ ಬಸ್‌ಸ್ಟ್ಯಾಂಡ್ ಗುಡಿಸತಕ್ಕದ್ದು."

ಊರು ಹೆದರಿತು. ಹಾಲು ಮಾರುವ ಕಸ್ತೂರಮ್ಮ ತಮ್ಮ ಎಮ್ಮೆಗೂ, "ಕಾಲು ಸರಿಸ್ರಿ, ಒದಿಬ್ಯಾಡ್ರಿ" ಎನ್ನತೊಡಗಿದರು.

ಅದೇ ಸಂಜೆ ಅಧ್ಯಕ್ಷರು ಕೂಗಿದರು: "ಲೇ ಓಬ, ಬಾರೋ ಇಲ್ಲಿ!"

ಓಬಣ್ಣ ಮೆಲ್ಲಗೆ ಬೋರ್ಡು ತೋರಿಸಿದರು.

"ಅದು ಊರಿಗೆ ಕಣಲೇ, ಬರೆಸಿದೋನಿಗಲ್ಲ! ಬರೋ ಸೋಮವಾರದಿಂದ ನೀರು ಬಿಡಾಕೆ ಮೊಬೈಲ್ ಬರ್ತೈತೆ. ಆಮ್ಯಾಕೆ ನಿನ್ನ ಕರೆಯೋ ಕೆಲ್ಸಾನೇ ಇಲ್ಲ."

ಮನೆಯಲ್ಲಿ ಹೆಂಡತಿ ಸುಂಕಲಮ್ಮ ಬಿಡಲಿಲ್ಲ. "ಎಮ್ಮೆಗೆ ರೀ ಸಿಕ್ತು. ನಿಮಗೆ?"

ಓಬಣ್ಣನಿಗೆ ಆ ರಾತ್ರಿ ಊಟ ರುಚಿಸಲಿಲ್ಲ. ಕೆಲಸ ಹೋದರೆ ಹೋಗಲಿ, ಆ ಬಾಯಿಂದ ಒಂದೇ ಒಂದು ಸಲ 'ರಿ' ಕೇಳಬೇಕು. ಇರುವುದು ಸೋಮವಾರದವರೆಗೆ.

ಸೋಮವಾರ ಶಾಮಿಯಾನ, ತಾಲ್ಲೂಕಿನ ಅಧಿಕಾರಿಗಳು, ಮೇಲೊಂದು ಡ್ರೋನ್. ಷಣ್ಮುಖಪ್ಪ ಮೊಬೈಲ್ ಒತ್ತಿದರು. ಹೂಮಾಲೆ ಹಾಕಿಕೊಂಡಿದ್ದ ನಲ್ಲಿ ಗೊರ್ ಎಂದು ಗೊರಕೆ ಹೊಡೆದು ಸುಮ್ಮನಾಯಿತು. ಮತ್ತೆ ಒತ್ತಿದರು. ಮತ್ತದೇ ಗೊರಕೆ.

"ಲೇ ಓಬ! ವಾಲ್ವ್ ನೋಡೋ!"

ಓಬಣ್ಣ ವಾಲ್ವಿನ ಪಕ್ಕದಲ್ಲೇ ಕೂತಿದ್ದರು. ಅಲ್ಲಾಡಲಿಲ್ಲ.

"ಕಿವಿ ಕೇಳ್ಸಲ್ವೇನಲೇ?"

"ಕೇಳ್ಸುತ್ತೆ ಸಾಹೇಬ್ರೆ. ಆದ್ರೆ ಲೇ ಓಬ ಅನ್ನೋನು ಈ ಊರಾಗಿಲ್ಲ. ನಿಮ್ಮ ಬೋರ್ಡೇ ತೆಗೆದಾಕೈತೆ. ಇರೋನು ಓಬಣ್ಣ."

ಗುಂಪಿನೊಳಗಿಂದ ಕಸ್ತೂರಮ್ಮ, "ನಮ್ಮ ಎಮ್ಮೆಗೇ ಅಂತೀನ್ರಿ ಅಧ್ಯಕ್ಷರೇ, ನೀವೂ ಅನ್ರಲ್ಲ!" ಎಂದರು. ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತು. ಅಧಿಕಾರಿಯೊಬ್ಬರು ಬೋರ್ಡನ್ನು ಎರಡೆರಡು ಸಲ ಓದಿದರು.

ಷಣ್ಮುಖಪ್ಪ ಬೆವರು ಒರೆಸಿಕೊಂಡರು. ಊರಿಗೆ ಊರನ್ನೇ ಬದಲಾಯಿಸಿದ ನಾಲಿಗೆ ಒಂದಕ್ಷರಕ್ಕೆ ತೊಡರಿತು.

"ಓ... ಓಬಣ್ಣರೇ, ವಾಲ್ವ್ ತಿರುಗಿಸ್... ರಿ."

"ಹಂಗನ್ರಿ ಮತ್ತೆ!" ಓಬಣ್ಣ ಎದ್ದು, ವಾಲ್ವಿಗೆ ಒಂದು ಒದೆ ಕೊಟ್ಟು, ಮೂರೂವರೆ ಸುತ್ತು ತಿರುಗಿಸಿದರು. ನಲ್ಲಿ ಚಿಮ್ಮಿ ಅಧ್ಯಕ್ಷರ ಬಿಳಿ ಅಂಗಿಯೆಲ್ಲ ತೊಯ್ದಿತು.

ಮರುದಿನ ಬೆಳಗ್ಗೆ ಷಣ್ಮುಖಪ್ಪನವರ ಆಳು ಸುಂಕಲಮ್ಮನ ಬಾಗಿಲಿಗೆ ಬಂದ. "ಅಕ್ಕಾರೇ, ಮೊಬೈಲಿಗೆ ಒದೆಯಾಕೆ ಬರಲ್ವಂತೆ. ಓಬಣ್ಣರು ಬರಬೇಕಂತೆ."

"ಕಾಯ್ರಿ," ಎಂದರು ಸುಂಕಲಮ್ಮ, "ಅವರು ಟೀ ಕುಡೀತಾ ಇದಾರೆ."